ಹಲ್ಲು ಬಿಳುಪು ಮಾಡಿಸಿದ ಮೇಲೆ ಸೆರಾಮಿಕ್ ವಿನೀರ್ ಅಂಟಿಸುವುದು: ನಾನು ಪಾಲಿಸುವ ಕ್ರಮ

ವಿನೀರ್ ಅಂದರೆ ಮುಂದಿನ ಹಲ್ಲಿನ ಮುಖಕ್ಕೆ ಅಂಟಿಸುವ ತೆಳು ಪಿಂಗಾಣಿ ಹೊದಿಕೆ. ಬ್ಲೀಚಿಂಗ್, ಅಂದರೆ ಹಲ್ಲು ಬಿಳುಪು ಮಾಡುವುದು, ಆದ ಮೇಲೆ ಅದನ್ನು ಅಂಟಿಸುವ ಬಗ್ಗೆ ಕಿರಿಯ ಡಾಕ್ಟರುಗಳು ಫೋನ್ ಮಾಡಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. “ಮೇಡಂ, ಬ್ಲೀಚಿಂಗ್ ಮುಗಿದು ನಾಲ್ಕು ದಿನ ಆಯ್ತು. ವಿನೀರ್ ಲ್ಯಾಬಿನಿಂದ ಬಂದಿದೆ. ಪೇಶೆಂಟಿಗೆ ಅವಸರ ಇದೆ. ಅಂಟಿಸಿಬಿಡಲಾ?”

ಬೇಡ ಅನ್ನುತ್ತೇನೆ. ಎರಡು ವಾರ ತುಂಬಲಿ. ಅದರ ಜೊತೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ನಾಲ್ಕೇ ದಿನಕ್ಕೆ ವಿನೀರ್ ತಯಾರಾಗಿದೆ ಅಂದರೆ ಬಣ್ಣ ಆರಿಸಿದ್ದು ಯಾವಾಗ? ಬ್ಲೀಚಿಂಗ್ ಮುಗಿದ ದಿನವೇ ಆರಿಸಿದ್ದರೆ ಅಂಟು ಮಾತ್ರ ಅಲ್ಲ, ಬಣ್ಣವೂ ಕೈಕೊಡುತ್ತದೆ.

ಅವಸರದಲ್ಲಿ ಅಂಟಿಸಿದ ವಿನೀರ್ ಆ ದಿನ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಗೊತ್ತಾಗುವುದು ನಿಧಾನಕ್ಕೆ. ಅಂಚಿನಲ್ಲಿ ಕಂದು ಗೆರೆ ಮೂಡುತ್ತದೆ. ಇಲ್ಲವೇ ಒಂದು ದಿನ ವಿನೀರ್ ಇಡಿಯಾಗಿ ಕೈಗೆ ಬರುತ್ತದೆ. ಹಾಗೆ ಬಿದ್ದ ವಿನೀರನ್ನು ತಂದುಕೊಟ್ಟಾಗ ನಾನು ಮೊದಲು ನೋಡುವುದು ಅದರ ಒಳಮೈಯನ್ನು. ಸಿಮೆಂಟ್ (ವಿನೀರನ್ನು ಹಲ್ಲಿಗೆ ಹಿಡಿಸುವ ಅಂಟು) ಪೂರ್ತಿ ವಿನೀರಿಗೇ ಅಂಟಿಕೊಂಡು ಹಲ್ಲು ನುಣುಪಾಗಿ ಖಾಲಿ ಇದ್ದರೆ, ಹಲ್ಲಿನ ಕಡೆಯ ಅಂಟು ಸೋತಿದೆ ಅಂತ ಅರ್ಥ. ಸಿಮೆಂಟ್ ಹಲ್ಲಿನ ಮೇಲೇ ಉಳಿದು ವಿನೀರಿನ ಒಳಮೈ ಹೊಳೆಯುತ್ತಿದ್ದರೆ, ಸೆರಾಮಿಕ್ ಅನ್ನು ಸರಿಯಾಗಿ ತಯಾರು ಮಾಡಿಲ್ಲ ಅಂತ ಅರ್ಥ. ಬ್ಲೀಚಿಂಗ್ ಆದ ಕೂಡಲೇ ಅಂಟಿಸಿದಾಗ ಆಗುವುದು ಮೊದಲನೆಯದು.

ವಿನೀರ್ ಕೆಲಸವನ್ನು ಸ್ವಂತವಾಗಿ ಈಗಷ್ಟೇ ಶುರು ಮಾಡಿರುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ವಿನೀರ್ ಹಾಕಿಸಿಕೊಳ್ಳಲು ಹೊರಟವರೂ ಓದಬಹುದು. ಬಾಯಿ ತೆರೆದು ಕೂತಾಗ ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು, ಅಲ್ವಾ? ಆದರೆ ಇದರಲ್ಲಿ ಮನೆಯಲ್ಲಿ ಮಾಡಿಕೊಳ್ಳುವಂಥದ್ದು ಯಾವುದೂ ಇಲ್ಲ. ಇಲ್ಲಿ ಬಳಸುವ ಒಂದು ಆಸಿಡ್ ಚರ್ಮದ ಮೇಲೆ ಬಿದ್ದರೂ ಅಪಾಯ.

ಬಿಳುಪು ಮೊದಲು, ವಿನೀರ್ ಆಮೇಲೆ

ಬ್ಲೀಚಿಂಗ್ ಜೆಲ್ ಹಲ್ಲಿನ ಬಣ್ಣ ಬದಲಿಸುತ್ತದೆ. ಸೆರಾಮಿಕ್ ಬಣ್ಣವನ್ನು ಅದು ಬದಲಿಸಲಾರದು. ವಿನೀರ್ ಹಾಕಿಸಿಕೊಂಡ ಮೇಲೆ ಅಕ್ಕಪಕ್ಕದ ಹಲ್ಲು ಬಿಳುಪಾಗಬೇಕು ಅನ್ನಿಸಿದರೆ, ವಿನೀರ್ ಹಳೇ ಬಣ್ಣದಲ್ಲೇ ಉಳಿದು ಎದ್ದು ಕಾಣುತ್ತದೆ. ಅದಕ್ಕೇ ಬಿಳುಪು ಮೊದಲು.

ಇನ್ನೊಂದು ಕಾರಣವೂ ಇದೆ. ವಿನೀರ್ ತುಂಬಾ ತೆಳು. ವಸಡಿನ ಹತ್ತಿರ ಸುಮಾರು 0.3 ಮಿಲಿಮೀಟರ್, ನಡುವೆ 0.5 ಮಿಲಿಮೀಟರ್ ಇರುತ್ತದೆ. ಅಷ್ಟು ತೆಳು ಸೆರಾಮಿಕ್ ಮೂಲಕ ಕೆಳಗಿನ ಹಲ್ಲಿನ ಬಣ್ಣ ಕಂಡೇ ಕಾಣುತ್ತದೆ. ಹಲ್ಲು ಕಪ್ಪಗಿದ್ದರೆ ಅದನ್ನು ಮುಚ್ಚಲು ವಿನೀರ್ ದಪ್ಪ ಆಗಬೇಕು. ದಪ್ಪ ಆಗಬೇಕಾದರೆ ಹಲ್ಲನ್ನು ಜಾಸ್ತಿ ಕೊರೆಯಬೇಕು. ಜಾಸ್ತಿ ಕೊರೆದರೆ ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಹೋಗಿ ಡೆಂಟಿನ್ (ಅದರ ಕೆಳಗಿನ ಪದರ) ತೆರೆದುಕೊಳ್ಳುತ್ತದೆ. ಡೆಂಟಿನ್‌ಗೆ ಅಂಟುವುದಕ್ಕಿಂತ ಎನಾಮೆಲ್‌ಗೆ ಅಂಟುವುದು ಗಟ್ಟಿ, ಬಾಳಿಕೆಯೂ ಹೆಚ್ಚು. ಹಾಗಾಗಿ ಮೊದಲೇ ಬಿಳುಪು ಮಾಡಿಸಿದರೆ ಹಲ್ಲನ್ನು ಉಳಿಸಿದ ಹಾಗೂ ಆಗುತ್ತದೆ, ಅಂಟಿಗೆ ಒಳ್ಳೆಯ ನೆಲ ಉಳಿಸಿದ ಹಾಗೂ ಆಗುತ್ತದೆ. ಕೆಲವು ಸಲ ಬಿಳುಪು ಮಾಡಿಸಿದ ಮೇಲೆ ಪೇಶೆಂಟ್ ಕನ್ನಡಿ ನೋಡಿಕೊಂಡು “ಇಷ್ಟೇ ಸಾಕು, ವಿನೀರ್ ಬೇಡ” ಅನ್ನುತ್ತಾರೆ. ಅದರಷ್ಟು ಒಳ್ಳೆಯ ಫಲಿತಾಂಶ ಬೇರೆ ಇಲ್ಲ. ಅವರ ಮನಸ್ಸು ಬದಲಿಸಲು ಹೋಗಬೇಡಿ.

ಬ್ಲೀಚಿಂಗ್‌ಗೂ ಮುಂಚೆ ವಸಡಿನ ರಕ್ತ ನಿಂತಿರಬೇಕು, ಹುಳುಕು ತುಂಬಿಸಿರಬೇಕು. ಮುಂದಿನ ಹಲ್ಲಿನಲ್ಲಿ ಹಳೇ ಕಾಂಪೊಸಿಟ್ ಫಿಲ್ಲಿಂಗ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಇದ್ದರೆ ಅದು ಬಿಳುಪಾಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಅದನ್ನು ಬದಲಿಸಬೇಕಾಗುತ್ತದೆ, ಅದಕ್ಕೂ ಎರಡು ವಾರ ಕಾಯಲೇಬೇಕು.

ಎರಡು ವಾರ ಏಕೆ

ಮನೆಯಲ್ಲಿ ಟ್ರೇ (ಜೆಲ್ ಹಾಕಿ ಹಲ್ಲಿಗೆ ತೊಡುವ ಅಚ್ಚು) ಹಾಕಿಕೊಂಡು ಮಾಡುವ ಬ್ಲೀಚಿಂಗ್‌ಗೆ ಸಾಮಾನ್ಯವಾಗಿ 10% ಕಾರ್ಬಮೈಡ್ ಪೆರಾಕ್ಸೈಡ್ ಬಳಸುತ್ತೇವೆ. ಅದು ಒಡೆದಾಗ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಸಿಗುತ್ತದೆ. ಕ್ಲಿನಿಕ್ಕಿನಲ್ಲಿ ಕುರ್ಚಿಯ ಮೇಲೇ ಮಾಡುವ ಬ್ಲೀಚಿಂಗ್‌ಗೆ 25ರಿಂದ 40% ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಯಾವುದೇ ಆದರೂ ಕೆಲಸದ ರೀತಿ ಒಂದೇ. ಪೆರಾಕ್ಸೈಡ್ ಎನಾಮೆಲ್ ದಾಟಿ ಡೆಂಟಿನ್‌ವರೆಗೂ ಇಳಿಯುತ್ತದೆ. ಅಲ್ಲಿ ಆಕ್ಸಿಜನ್ ಬಿಟ್ಟು ಕಲೆಯ ಕಣಗಳನ್ನು ಒಡೆಯುತ್ತದೆ. ಟ್ರೇ ತೆಗೆದಿಟ್ಟ ಮೇಲೂ ಆ ಆಕ್ಸಿಜನ್ ಸ್ವಲ್ಪ ದಿನ ಹಲ್ಲಿನೊಳಗೇ ಉಳಿದಿರುತ್ತದೆ.

ರೆಸಿನ್‌ಗೆ (ಅಂಟು, ಸಿಮೆಂಟ್, ಫಿಲ್ಲಿಂಗ್‌ಗಳಲ್ಲಿರುವ, ಲೈಟ್ ಹಿಡಿದರೆ ಗಟ್ಟಿಯಾಗುವ ಪದಾರ್ಥ) ಆಕ್ಸಿಜನ್ ಅಂದರೆ ಆಗುವುದಿಲ್ಲ. ಕಾಂಪೊಸಿಟ್ ಫಿಲ್ಲಿಂಗ್ ಮಾಡಿ ಲೈಟ್ ಹಿಡಿದ ಮೇಲೂ ಮೇಲ್ಪದರ ಅಂಟಂಟಾಗಿ ಉಳಿಯುವುದನ್ನು ನೀವು ನೋಡಿದ್ದೀರಿ. ಗಾಳಿಯ ಆಕ್ಸಿಜನ್ ಆ ಪದರವನ್ನು ಗಟ್ಟಿಯಾಗಲು ಬಿಡುವುದಿಲ್ಲ. ಬ್ಲೀಚಿಂಗ್ ಆದ ಹಲ್ಲಿನಲ್ಲಿ ಇದೇ ಕಥೆ ಕೆಳಗಡೆಯಿಂದ ನಡೆಯುತ್ತದೆ. ನಿಮ್ಮ ಬಾಂಡಿಂಗ್ (ಸಿಮೆಂಟಿಗೂ ಮೊದಲು ಹಲ್ಲಿಗೆ ಹಚ್ಚುವ ತೆಳು ರೆಸಿನ್ ಅಂಟು) ಎಲ್ಲಿ ಹಲ್ಲಿಗೆ ತಾಗುತ್ತದೋ ಅಲ್ಲೇ ಪೂರ್ತಿ ಗಟ್ಟಿಯಾಗದೆ ಉಳಿಯುತ್ತದೆ. ಎಚ್ ಮಾಡಿದ, ಅಂದರೆ ಆಸಿಡ್ ಹಚ್ಚಿ ಒರಟು ಮಾಡಿದ, ಎನಾಮೆಲ್ ಸಂದುಗಳೊಳಗೆ ರೆಸಿನ್ ಬೇರಿನ ಹಾಗೆ ಇಳಿಯಬೇಕು. ಬ್ಲೀಚಿಂಗ್ ಆದ ಕೂಡಲೇ ಮಾಡಿದರೆ ಆ ಬೇರುಗಳು ಗಿಡ್ಡವಾಗಿ, ಅರೆಬರೆಯಾಗಿ ನಿಲ್ಲುತ್ತವೆ.

ಸಮಾಧಾನದ ವಿಷಯ ಅಂದರೆ ಇದು ತಾತ್ಕಾಲಿಕ. ದಿನ ಕಳೆದಂತೆ ಆಕ್ಸಿಜನ್ ತಾನೇ ಹೊರಟುಹೋಗುತ್ತದೆ, ಎನಾಮೆಲ್ ಮೊದಲಿನ ಹಾಗೆ ಅಂಟು ಹಿಡಿಯುತ್ತದೆ. ಒಂದರಿಂದ ಮೂರು ವಾರ ಅಂತ ಬೇರೆ ಬೇರೆಯವರು ಹೇಳುತ್ತಾರೆ. ನಾನು ಎರಡು ವಾರಕ್ಕಿಂತ ಮುಂಚೆ ಮುಟ್ಟುವುದಿಲ್ಲ. ಡೆಂಟಿನ್ ಜಾಸ್ತಿ ತೆರೆದಿರುವ, ಸವೆದ ಹಲ್ಲಾದರೆ ಮೂರು ವಾರ ಬಿಡುತ್ತೇನೆ. ರೂಟ್ ಕೆನಾಲ್ ಆದ ಒಂದೇ ಹಲ್ಲನ್ನು ಒಳಗಿನಿಂದ ಬಿಳುಪು ಮಾಡಿದ್ದರೂ ಇದೇ ಲೆಕ್ಕ.

ವಿಟಮಿನ್ ಸಿ ಬಗ್ಗೆ ಕೇಳುವವರು ತುಂಬಾ. 10% ಸೋಡಿಯಂ ಆಸ್ಕಾರ್ಬೇಟ್ ಹಚ್ಚಿದರೆ ಉಳಿದ ಆಕ್ಸಿಜನ್ ಹೋಗುತ್ತದೆ, ಅಂಟು ಸುಧಾರಿಸುತ್ತದೆ ಅಂತ ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಮುರಿದ ಹಲ್ಲಿಗೆ ತುರ್ತಾಗಿ ಫಿಲ್ಲಿಂಗ್ ಮಾಡಲೇಬೇಕಾದಾಗ ಅದು ಉಪಯೋಗಕ್ಕೆ ಬರುತ್ತದೆ. ವಿನೀರಿಗೆ ನಾನು ಅದನ್ನು ನಂಬಿ ಕೂರುವುದಿಲ್ಲ. ಅಂಟು ಸರಿಹೋದರೂ ಬಣ್ಣ ನಿಂತಿರುವುದಿಲ್ಲವಲ್ಲ!

ಬಣ್ಣ ನಿಲ್ಲಲಿ, ಆಮೇಲೆ ಆರಿಸಿ

ಬ್ಲೀಚಿಂಗ್ ಮುಗಿದ ದಿನ ಹಲ್ಲು ಇರಬೇಕಾದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಕ್ಲಿನಿಕ್ಕಿನಲ್ಲಿ ಮಾಡಿದ್ದಾದರೆ ಇನ್ನೂ ಜಾಸ್ತಿ. ಆ ಬಿಳುಪಿನಲ್ಲಿ ಒಂದಷ್ಟು ಹಲ್ಲು ಒಣಗಿದ್ದರಿಂದ ಬಂದಿರುತ್ತದೆ. ಮುಂದಿನ ದಿನಗಳಲ್ಲಿ ನೀರಿನಂಶ ವಾಪಸ್ ಬಂದು ಬಣ್ಣ ಸ್ವಲ್ಪ ಇಳಿದು ಒಂದು ಕಡೆ ನಿಲ್ಲುತ್ತದೆ. ಇದಕ್ಕೂ ಹೆಚ್ಚು ಕಡಿಮೆ ಎರಡು ವಾರ ಬೇಕು. ಮೊದಲ ದಿನದ ಬಿಳುಪಿಗೆ ಹೊಂದಿಸಿ ವಿನೀರ್ ಮಾಡಿಸಿದರೆ, ತಿಂಗಳೊಳಗೆ ಪಕ್ಕದ ಹಲ್ಲಿನ ಬಿಳುಪು ಇಳಿದು ವಿನೀರ್ ಮಾತ್ರ ಸುಣ್ಣ ಬಳಿದಂತೆ ಉಳಿಯುತ್ತದೆ.

ಹಾಗಾಗಿ ನನ್ನ ಕ್ರಮ ಹೀಗಿದೆ. ಬ್ಲೀಚಿಂಗ್ ಮುಗಿದ ದಿನ ಕೊನೆಯ ಟ್ರೇ ಹಾಕಿದ ತಾರೀಖನ್ನು ಪೇಶೆಂಟ್ ಫೈಲಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಎರಡು ವಾರ ಆದ ಮೇಲೆ ಬಣ್ಣ ಆರಿಸುತ್ತೇನೆ, ಆಮೇಲೆ ಹಲ್ಲು ಕೊರೆದು ಅಳತೆ ತೆಗೆಯುತ್ತೇನೆ. ಲ್ಯಾಬಿಗೆ ಹೋಗಿ ಬರುವಷ್ಟರಲ್ಲಿ ಇನ್ನೂ ಕೆಲವು ದಿನ ಕಳೆದಿರುತ್ತವೆ. ಈ ಸಾಲಿನಲ್ಲಿ ನಡೆದರೆ ಅಂಟಿಸುವ ದಿನ ಬರುವಾಗ ಆಕ್ಸಿಜನ್ ಚಿಂತೆಯೇ ಇರುವುದಿಲ್ಲ.

ಬಣ್ಣ ಆರಿಸುವುದು ಆ ದಿನದ ಮೊದಲ ಕೆಲಸ ಆಗಿರಲಿ. ಹತ್ತಿ ಇಡುವ ಮುಂಚೆ, ಗಾಳಿ ಊದುವ ಮುಂಚೆ, ಅಳತೆ ತೆಗೆಯುವ ಮುಂಚೆ. ಬಾಯಿ ತೆರೆದು ಕೂತ ಕೆಲವೇ ನಿಮಿಷಕ್ಕೆ ಮುಂದಿನ ಹಲ್ಲು ಒಣಗಿ ಬೆಳ್ಳಗಾಗುತ್ತದೆ. ಹಲ್ಲು ಒದ್ದೆ ಇರಲಿ, ಕಿಟಕಿಯ ಬೆಳಕಿರಲಿ, ಲಿಪ್‌ಸ್ಟಿಕ್ ಒರೆಸಿರಲಿ. ಮಾಮೂಲಿ ಶೇಡ್ ಗೈಡಿನ (ಹಲ್ಲಿನ ಬಣ್ಣ ಹೋಲಿಸಿ ನೋಡುವ ಪಟ್ಟಿಗಳ ಸೆಟ್) ತಿಳಿ ಬಣ್ಣವಾದ ಎ1 ಬಿಳುಪಾದ ಹಲ್ಲಿಗೆ ಸಾಲದೇ ಹೋಗಬಹುದು. ಬ್ಲೀಚ್ ಶೇಡುಗಳಾದ ಬಿಎಲ್1 ಇಂದ ಬಿಎಲ್4 ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಶೇಡ್ ಪಟ್ಟಿಯನ್ನು ಹಲ್ಲಿನ ಪಕ್ಕದಲ್ಲೇ, ಒಂದೇ ಸಮಕ್ಕೆ ಹಿಡಿದು ಫೋಟೊ ತೆಗೆದು ಲ್ಯಾಬಿಗೆ ಕಳಿಸಿ. ಕೊರೆದಾದ ಮೇಲೆ ಕಾಣುವ ಹಲ್ಲಿನ ಬಣ್ಣವನ್ನೂ ಬೇರೆಯಾಗಿ ಫೋಟೊ ತೆಗೆದು ಕಳಿಸಿ. ತೆಳು ವಿನೀರ್ ಮಾಡುವ ಟೆಕ್ನೀಶಿಯನ್‌ಗೆ ಅದು ಗೊತ್ತಿಲ್ಲದಿದ್ದರೆ ಅವರು ಕತ್ತಲಲ್ಲಿ ಕೆಲಸ ಮಾಡಬೇಕಾಗುತ್ತದೆ.

ಒಂದು ಎಚ್ಚರಿಕೆ. ಕೊರೆದ ದಿನಕ್ಕೂ ಅಂಟಿಸುವ ದಿನಕ್ಕೂ ನಡುವೆ ಕೆಲವರು ಉಳಿದ ಜೆಲ್ಲನ್ನು “ಸುಮ್ನೆ ಯಾಕೆ ವೇಸ್ಟ್ ಮಾಡೋದು” ಅಂತ ಮತ್ತೆ ಹಾಕಿಕೊಳ್ಳುತ್ತಾರೆ. ಕೊರೆದ ಹಲ್ಲಿಗೆ ಪೆರಾಕ್ಸೈಡ್ ತಾಗಿದರೆ ಜುಮ್ ಅನ್ನುವುದು ತಡೆಯಲಾಗದಷ್ಟಾಗುತ್ತದೆ. ಅದರ ಜೊತೆಗೆ ನಿಮ್ಮ ಎರಡು ವಾರದ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಕೊರೆಯುವ ದಿನವೇ ಉಳಿದ ಜೆಲ್ ಬಗ್ಗೆ ಕೇಳಿ. ಅಂಟಿಸುವ ದಿನ ಮತ್ತೊಮ್ಮೆ ಕೇಳಿ. ಬಿಳುಪಿನ ಪಟ್ಟಿ, ಬಿಳುಪಿನ ಪೆನ್ ಅಂತ ಹೆಸರು ಹಿಡಿದು ಕೇಳಿ. ಬರೀ “ಬ್ಲೀಚಿಂಗ್ ಮಾಡಿಕೊಂಡ್ರಾ” ಅಂದರೆ ಇಲ್ಲ ಅಂತಲೇ ಹೇಳುತ್ತಾರೆ, ಪಟ್ಟಿ ಅಂಟಿಸಿಕೊಂಡಿದ್ದು ಅವರ ಲೆಕ್ಕದಲ್ಲಿ ಬ್ಲೀಚಿಂಗ್ ಅಲ್ಲ.

ಕೊರೆಯುವಾಗ ಡೆಂಟಿನ್ ತೆರೆದುಕೊಂಡರೆ ಅವತ್ತೇ ಬಾಂಡಿಂಗ್ ಹಚ್ಚಿ ಮುಚ್ಚಿಬಿಡಿ. ಆಗಷ್ಟೇ ಕೊರೆದ ಡೆಂಟಿನ್ ಅತ್ಯಂತ ಶುದ್ಧವಾಗಿರುತ್ತದೆ. ಜುಮ್ ಅನ್ನುವುದೂ ಕಡಿಮೆ ಆಗುತ್ತದೆ. ತಾತ್ಕಾಲಿಕ ವಿನೀರಿಗೆ ಯೂಜಿನಾಲ್ (ಲವಂಗದೆಣ್ಣೆಯ ಅಂಶ) ಇರುವ ಸಿಮೆಂಟ್ ಬೇಡ. ಅದೂ ರೆಸಿನ್ ಗಟ್ಟಿಯಾಗುವುದಕ್ಕೆ ಅಡ್ಡಿ.

ಅಂಟಿಸುವ ದಿನ: ಮೊದಲು ಹಾಕಿ ನೋಡಿ

ತಾತ್ಕಾಲಿಕ ವಿನೀರ್ ತೆಗೆದು, ಫ್ಲೋರೈಡ್ ಮತ್ತು ಎಣ್ಣೆ ಇಲ್ಲದ ಪ್ಯೂಮಿಸ್ ಪುಡಿಯನ್ನು ನೀರಿಗೆ ಕಲಸಿ ಹಲ್ಲು ಉಜ್ಜಿ. ಸುವಾಸನೆಯ ಪಾಲಿಶಿಂಗ್ ಪೇಸ್ಟ್ ಬೇಡ. ವಸಡಿನಲ್ಲಿ ರಕ್ತ ಬಂದರೆ ಅವತ್ತು ಅಂಟಿಸಬೇಡಿ. ಚೆನ್ನಾಗಿ ಶುಚಿ ಮಾಡಿ, ಉಜ್ಜುವ ರೀತಿ ಹೇಳಿಕೊಟ್ಟು ಒಂದು ವಾರ ಬಿಟ್ಟು ಕರೆಯಿರಿ. ರಕ್ತ ನಿಲ್ಲಿಸಲು ಫೆರಿಕ್ ಸಲ್ಫೇಟ್ ಹಚ್ಚಿ ಮುಂದುವರಿಯುವುದು ನನಗೆ ಒಪ್ಪಿಗೆಯಿಲ್ಲ. ಅದರ ಕಪ್ಪು ಉಳಿಕೆ ತೆಳು ವಿನೀರಿನ ಅಂಚಿನಲ್ಲಿ ಕಾಣಿಸಿಕೊಳ್ಳಬಹುದು.

ಒಂದೊಂದೇ ವಿನೀರನ್ನು ಹಾಕಿ ಅಂಚು ನೋಡಿ. ಆಮೇಲೆ ಎರಡೆರಡು, ಆಮೇಲೆ ಎಲ್ಲವೂ ಒಟ್ಟಿಗೆ. ಒಂಟಿಯಾಗಿ ಸರಿಯಾಗಿ ಕೂತದ್ದು ಪಕ್ಕದ್ದರ ಜೊತೆ ಬಿಗಿಯಾಗಬಹುದು. ಬಣ್ಣ ನೋಡಲು ಟ್ರೈ-ಇನ್ ಪೇಸ್ಟ್ (ಸಿಮೆಂಟಿನ ಬಣ್ಣದ್ದೇ ಆದ, ಗಟ್ಟಿಯಾಗದ ಪೇಸ್ಟ್) ಅಥವಾ ಗ್ಲಿಸರಿನ್ ಬಳಸಿ. ಬರೀ ಗಾಳಿ ಇದ್ದರೆ ಬಣ್ಣ ಬೇರೆಯೇ ಕಾಣುತ್ತದೆ. ಪೇಶೆಂಟನ್ನು ಎಬ್ಬಿಸಿ ಕಿಟಕಿ ಹತ್ತಿರ ನಿಲ್ಲಿಸಿ, ದೊಡ್ಡ ಕನ್ನಡಿ ಕೊಡಿ. ಮಾತಾಡಲಿ, ನಗಲಿ. ಕಚ್ಚಲು ಮಾತ್ರ ಬಿಡಬೇಡಿ. ಅಂಟದ ವಿನೀರ್ ಮೊಟ್ಟೆ ಚಿಪ್ಪಿಗಿಂತ ಗಟ್ಟಿಯೇನಲ್ಲ.

ಬಣ್ಣ ಒಂಚೂರು ಹೆಚ್ಚು ಕಡಿಮೆ ಇದ್ದರೆ ಸಿಮೆಂಟಿನ ಶೇಡ್ ಬದಲಿಸಿ ಸರಿಮಾಡಬಹುದು. ಒಂಚೂರು ಮಾತ್ರ. ಪೇಶೆಂಟ್ ಮುಖದಲ್ಲಿ ಅನುಮಾನ ಕಂಡರೆ ಅವತ್ತು ಅಂಟಿಸಬೇಡಿ, ಲ್ಯಾಬಿಗೆ ವಾಪಸ್ ಕಳಿಸಿ. ಒಮ್ಮೆ ಗಟ್ಟಿಯಾದ ಮೇಲೆ ತೆಗೆಯಬೇಕಾದರೆ ಕೊರೆದೇ ತೆಗೆಯಬೇಕು. ಹೆಚ್ಚಿನ ಸಲ ನಾನು ಬಳಸುವುದು ಬಣ್ಣವಿಲ್ಲದ, ಪಾರದರ್ಶಕ ಸಿಮೆಂಟ್. ಬಿಳುಪಾದ ಹಲ್ಲೇ ಹಿಂದಿನಿಂದ ಬೆಳಕು ಕೊಡುವಾಗ ಬೇರೆ ಬಣ್ಣ ಯಾಕೆ?

ಸೆರಾಮಿಕ್ ಒಳಮೈ ತಯಾರಿ

1930ರ ದಶಕದಲ್ಲಿ ಚಾರ್ಲ್ಸ್ ಪಿಂಕಸ್ ಅನ್ನುವ ದಂತವೈದ್ಯರು ಹಾಲಿವುಡ್ ನಟರ ಹಲ್ಲಿಗೆ ತೆಳು ಮುಖವಾಡ ಮಾಡಿಕೊಡುತ್ತಿದ್ದರು. ಹಲ್ಲಿನ ಸೆಟ್ ಕೂರಿಸುವ ಪುಡಿಯಿಂದ ಅಂಟಿಸುತ್ತಿದ್ದರು. ಶೂಟಿಂಗ್ ಮುಗಿಯುವವರೆಗೆ ನಿಂತರೆ ಸಾಕಿತ್ತು. ವಿನೀರ್ ಬಾಯಲ್ಲಿ ವರ್ಷಗಟ್ಟಲೆ ನಿಲ್ಲಲು ಎರಡು ಸಂಗತಿ ಬೇಕಾದವು. 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎನಾಮೆಲ್‌ಗೆ ಫಾಸ್ಫಾರಿಕ್ ಆಸಿಡ್ ಹಚ್ಚಿ ಒರಟು ಮಾಡಿದರೆ ರೆಸಿನ್ ಹಿಡಿಯುತ್ತದೆ ಅಂತ ತೋರಿಸಿದರು. 1983ರಲ್ಲಿ ಸೈಮನ್‌ಸನ್ ಮತ್ತು ಕಲಾಮಿಯಾ ಪಿಂಗಾಣಿಗೆ ಹೈಡ್ರೋಫ್ಲೋರಿಕ್ ಆಸಿಡ್ ಹಚ್ಚಿ ಅದರ ಒಳಮೈಗೂ ರೆಸಿನ್ ಹಿಡಿಯುವ ಹಾಗೆ ಮಾಡಬಹುದು ಅಂತ ತೋರಿಸಿದರು. ಈಗಲೂ ನಾವು ಮಾಡುವುದು ಇವೆರಡನ್ನೇ. ಬ್ರಾಂಡ್ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಬದಲು ಈ ಎರಡು ಮೈಗಳು ಶುದ್ಧವಾಗಿವೆಯಾ ಅಂತ ನೋಡಿ.

ಹೈಡ್ರೋಫ್ಲೋರಿಕ್ ಆಸಿಡ್ ಬಾಯೊಳಗೆ ಬೇಡವೇ ಬೇಡ. ಕುರ್ಚಿಯಿಂದ ದೂರ, ಬೇರೆ ಮೇಜಿನ ಮೇಲೆ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಕೆಲಸ ಮಾಡಿ. 2.5% ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವಂತಿರಲಿ. ಈ ಆಸಿಡ್ ಚರ್ಮಕ್ಕೆ ತಾಗಿದ ಕೂಡಲೇ ಉರಿಯದೇ ಇರಬಹುದು, ಆದರೆ ಒಳಗೆ ಇಳಿಯುತ್ತಾ ಹೋಗುತ್ತದೆ. ತಾಗಿದರೆ ತಕ್ಷಣ ನೀರಲ್ಲಿ ತೊಳೆದು ಜೆಲ್ ಹಚ್ಚಿ ಆಸ್ಪತ್ರೆಗೆ ಹೋಗಬೇಕು.

ಎಷ್ಟು ಹೊತ್ತು ಹಚ್ಚಬೇಕು ಅನ್ನುವುದು ಸೆರಾಮಿಕ್ ಯಾವುದು ಅನ್ನುವುದರ ಮೇಲೆ. ಲಿಥಿಯಂ ಡೈಸಿಲಿಕೇಟ್ ಆದರೆ 5% ಆಸಿಡ್, 20 ಸೆಕೆಂಡ್. ಲ್ಯೂಸೈಟ್ ಸೆರಾಮಿಕ್ ಆದರೆ 5%, 60 ಸೆಕೆಂಡ್. ಫೆಲ್ಡ್‌ಸ್ಪಾರ್ ಪಿಂಗಾಣಿಗೆ ಸುಮಾರು 9.5% ಆಸಿಡ್, 60ರಿಂದ 90 ಸೆಕೆಂಡ್. ತಯಾರಕರ ಕಾಗದದಲ್ಲಿ ಬೇರೆ ಹೇಳಿದ್ದರೆ ಅದೇ ಸರಿ. ಜಾಸ್ತಿ ಹೊತ್ತು ಹಚ್ಚಿದರೆ ಜಾಸ್ತಿ ಗಟ್ಟಿ ಅಂತ ಅಂದುಕೊಳ್ಳಬೇಡಿ, ಸೆರಾಮಿಕ್ಕೇ ದುರ್ಬಲವಾಗುತ್ತದೆ. ಜಿರ್ಕೋನಿಯಾ ಈ ಆಸಿಡ್‌ಗೆ ಜಗ್ಗುವುದಿಲ್ಲ. ಅದರ ದಾರಿಯೇ ಬೇರೆ. ಅಲ್ಯೂಮಿನಾ ಪುಡಿ ಊದಿ ಎಂಡಿಪಿ (ಜಿರ್ಕೋನಿಯಾವನ್ನು ಹಿಡಿಯುವ ರಾಸಾಯನಿಕ) ಇರುವ ಪ್ರೈಮರ್ ಹಚ್ಚಬೇಕು. ಆದ್ದರಿಂದ ವಿನೀರ್ ಯಾವುದರಿಂದ ಮಾಡಿದ್ದು ಅಂತ ಲ್ಯಾಬಿನಿಂದ ಬರೆಸಿಕೊಳ್ಳಿ. ಲ್ಯಾಬಿನಲ್ಲೇ ಎಚ್ ಮಾಡಿದ್ದಾರಾ ಅಂತಲೂ ಕೇಳಿ. ಎರಡೆರಡು ಸಲ ಮಾಡುವ ಕೆಲಸ ಅಲ್ಲ ಅದು.

ಆಸಿಡ್ ತೊಳೆದು ಗಾಳಿ ಊದಿ ವಿನೀರನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಳಮೈ ಹೊಳಪು ಕಳೆದುಕೊಂಡು ಒಂದೇ ಸಮ ಮಂಕಾಗಿರಬೇಕು. ಮೂಲೆಗಳಲ್ಲಿ, ಅದರಲ್ಲೂ ವಸಡಿನ ಅಂಚಿನ ತಿರುವಿನಲ್ಲಿ, ದಟ್ಟ ಬಿಳಿ ಪುಡಿ ಕೂತಿರುವುದು ಕಾಣುತ್ತದೆ. ಎಚ್ ಚೆನ್ನಾಗಿ ಆಗಿದೆ ಅಂತ ತುಂಬಾ ಜನ ಅದನ್ನು ಹಾಗೇ ಬಿಡುತ್ತಾರೆ. ಅದು ಎಚ್ ಅಲ್ಲ, ಆಸಿಡ್ ಕರಗಿಸಿದ ಸೆರಾಮಿಕ್‌ನ ಉಳಿಕೆ. ಅದರ ಮೇಲೆ ಅಂಟಿಸಿದರೆ ಪುಡಿಗೆ ಅಂಟಿಸಿದ ಹಾಗೆ. 37% ಫಾಸ್ಫಾರಿಕ್ ಆಸಿಡ್ ಹಾಕಿ ಸಣ್ಣ ಬ್ರಷ್‌ನಿಂದ ಒಂದು ನಿಮಿಷ ಉಜ್ಜಿ ತೊಳೆಯಿರಿ. ಆಮೇಲೆ ಡಿಸ್ಟಿಲ್ಡ್ ನೀರು ಅಥವಾ ಆಲ್ಕೊಹಾಲ್‌ನಲ್ಲಿ ಅಲ್ಟ್ರಾಸಾನಿಕ್ ಯಂತ್ರದೊಳಗೆ ಐದು ನಿಮಿಷ ಇಡಿ. ಒಣಗಿಸಿ ಮತ್ತೆ ಓರೆಯಾಗಿ ಹಿಡಿಯಿರಿ. ಆ ಬಿಳಿ ಪುಡಿ ಹೋಗಿ ನಯವಾದ ಮಂಕು ಮಾತ್ರ ಉಳಿದಿರುತ್ತದೆ.

ಈಗ ಸೈಲೇನ್, ಅಂದರೆ ಸೆರಾಮಿಕ್ ಮತ್ತು ರೆಸಿನ್ ಎರಡನ್ನೂ ಬೆಸೆಯುವ ದ್ರವ. ಒಂದು ಪದರ, 60 ಸೆಕೆಂಡ್, ಬೆಚ್ಚಗಿನ ಗಾಳಿಯಿಂದ ಒಣಗಿಸಿ. ಇದಾದ ಮೇಲೆ ಒಳಮೈಯನ್ನು ಬೆರಳಲ್ಲಿ ಮುಟ್ಟುವ ಹಾಗಿಲ್ಲ. ಜೊಲ್ಲು ತಾಗಿದರೆ ಒರೆಸಿ ಮುಂದುವರಿಯಬೇಡಿ. ಫಾಸ್ಫಾರಿಕ್ ಆಸಿಡ್‌ನಿಂದ ತೊಳೆದು ಸೈಲೇನ್ ಮತ್ತೆ ಹಚ್ಚಿ. ವಿನೀರುಗಳನ್ನು ಹಲ್ಲಿನ ನಂಬರ್ ಬರೆದ ತಟ್ಟೆಯಲ್ಲಿ ಸಾಲಾಗಿಟ್ಟು, ಬೆಳಕು ತಡೆಯುವ ಕಿತ್ತಳೆ ಮುಚ್ಚಳ ಮುಚ್ಚಿ. ಎಡ ಬಲ ಅದಲು ಬದಲಾದರೆ ಸಿಮೆಂಟ್ ಹಾಕಿದ ಮೇಲೆ ಪರದಾಡಬೇಕಾಗುತ್ತದೆ.

ಹಲ್ಲಿನ ತಯಾರಿ

ರಬ್ಬರ್ ಡ್ಯಾಮ್ (ಹಲ್ಲು ಮಾತ್ರ ಹೊರಗೆ ಕಾಣುವಂತೆ ಬಾಯಿಗೆ ಹಾಕುವ ರಬ್ಬರ್ ಹಾಳೆ) ಹಾಕಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಉಸಿರಿನ ತೇವವೇ ಎಚ್ ಮಾಡಿದ ಎನಾಮೆಲ್ ಕೆಡಿಸಲು ಸಾಕು. ವಿನೀರಿನ ಅಂಚು ವಸಡಿನ ಕೆಳಗಿದ್ದು ಡ್ಯಾಮ್ ಕೂರದೇ ಹೋದರೆ ವಸಡಿನ ಸಂದಿಯಲ್ಲಿ ತುಂಬಾ ತೆಳುವಾದ ದಾರ ಇಟ್ಟು, ಕೆನ್ನೆ ತುಟಿ ಹಿಡಿದು, ಸಹಾಯಕರು ಸಕ್ಷನ್ ಬಿಡದ ಹಾಗೆ ನೋಡಿಕೊಳ್ಳಿ. ಮೊದಲೇ ಬಾಂಡಿಂಗ್ ಹಚ್ಚಿ ಮುಚ್ಚಿದ ಡೆಂಟಿನ್ ಇದ್ದರೆ ಅದರ ಮೈಯನ್ನು ಪ್ಯೂಮಿಸ್‌ನಿಂದ ಅಥವಾ ಅಲ್ಯೂಮಿನಾ ಊದಿ ಹೊಸದಾಗಿಸಿ.

ಪಕ್ಕದ ಹಲ್ಲುಗಳಿಗೆ ಟೆಫ್ಲಾನ್ ಟೇಪ್ ಸುತ್ತಿ. ಆಸಿಡ್ ಅಲ್ಲಿಗೆ ಹೋಗಬಾರದು, ಸಿಮೆಂಟೂ ಹೋಗಬಾರದು. 37% ಫಾಸ್ಫಾರಿಕ್ ಆಸಿಡ್ ಎನಾಮೆಲ್ ಮೇಲೆ 30 ಸೆಕೆಂಡ್. ಡೆಂಟಿನ್ ತೆರೆದಿದ್ದರೆ ಅಲ್ಲಿ 15 ಸೆಕೆಂಡ್ ದಾಟಬೇಡಿ. ಹಾಗಾಗಿ ಎನಾಮೆಲ್‌ಗೆ ಮೊದಲು ಹಚ್ಚಿ, ಡೆಂಟಿನ್‌ಗೆ ಕೊನೆಗೆ. ಚೆನ್ನಾಗಿ ತೊಳೆದು ಒಣಗಿಸಿದರೆ ಎನಾಮೆಲ್ ಹೊಳಪಿಲ್ಲದೆ ಮಬ್ಬು ಬಿಳಿಯಾಗಿ ಕಾಣಬೇಕು. ಎಲ್ಲಾದರೂ ಹೊಳೆಯುವ ತೇಪೆ ಉಳಿದಿದ್ದರೆ ಅಲ್ಲಿ ಹಳೇ ಸಿಮೆಂಟೋ ಕಾಂಪೊಸಿಟ್ಟೋ ಇದೆ ಅಂತ ಅರ್ಥ. ತೆಗೆದು ಮತ್ತೆ ಎಚ್ ಮಾಡಿ.

ಇಲ್ಲಿ ಒಂದು ಮಾತು ನೆನಪಿರಲಿ. ಬ್ಲೀಚಿಂಗ್ ಆಗಿ ಎರಡು ದಿನ ಆದ ಎನಾಮೆಲ್ ಕೂಡ ಎಚ್ ಮಾಡಿದರೆ ಹೀಗೇ ಮಬ್ಬು ಬಿಳಿಯಾಗಿಯೇ ಕಾಣುತ್ತದೆ. ಉಳಿದ ಆಕ್ಸಿಜನ್ ಕಣ್ಣಿಗೆ ಬೀಳುವಂಥದ್ದಲ್ಲ. ನೋಡಿ ತಿಳಿಯುವ ದಾರಿ ಇಲ್ಲದ್ದರಿಂದಲೇ ಫೈಲಿನ ಮೇಲಿನ ತಾರೀಖು ಅಷ್ಟು ಮುಖ್ಯ.

ಬಾಂಡಿಂಗ್ ತೆಳುವಾಗಿ ಹಚ್ಚಿ ಗಾಳಿ ಊದಿ ಇನ್ನೂ ತೆಳುಮಾಡಿ. ತೆಳು ವಿನೀರಿಗೆ ಈ ಪದರವನ್ನು ಬೇರೆಯಾಗಿ ಕ್ಯೂರ್ ಮಾಡುವುದಿಲ್ಲ (ಲೈಟ್ ಹಿಡಿದು ಗಟ್ಟಿ ಮಾಡುವುದಿಲ್ಲ). ಮಾಡಿದರೆ ಮೂಲೆಯಲ್ಲಿ ಗಟ್ಟಿಯಾದ ಹನಿ ವಿನೀರ್ ಪೂರ್ತಿ ಕೂರಲು ಬಿಡುವುದಿಲ್ಲ. ಸಿಮೆಂಟಿನ ಜೊತೆಯೇ ಅದೂ ಗಟ್ಟಿಯಾಗುತ್ತದೆ. ಕುರ್ಚಿಯ ದೀಪವನ್ನು ಪಕ್ಕಕ್ಕೆ ತಿರುಗಿಸಿ, ಇಲ್ಲವಾದರೆ ಅದೇ ಕ್ಯೂರ್ ಮಾಡಲು ಶುರು ಮಾಡುತ್ತದೆ.

ಕೂರಿಸುವುದು

ಬರೀ ಲೈಟಿನಿಂದ ಗಟ್ಟಿಯಾಗುವ ರೆಸಿನ್ ಸಿಮೆಂಟ್ ಬಳಸಿ. ಡ್ಯುಯಲ್ ಕ್ಯೂರ್ ಸಿಮೆಂಟುಗಳಲ್ಲಿ (ಲೈಟ್ ಇಲ್ಲದೆಯೂ ರಾಸಾಯನಿಕವಾಗಿ ಗಟ್ಟಿಯಾಗುವವು) ಸಾಮಾನ್ಯವಾಗಿ ಇರುವ ಅಮೈನ್ ಅನ್ನುವ ರಾಸಾಯನಿಕ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ. ಬಿಳುಪು ಮಾಡಿಸಿ, ಕಾದು, ಬಣ್ಣ ಹೊಂದಿಸಿ ಆಮೇಲೆ ಸಿಮೆಂಟಿನಿಂದ ಹಳದಿ ಮಾಡಿಕೊಳ್ಳುವುದು ಬೇಡ. ತೆಳು ವಿನೀರಿನೊಳಗೆ ಲೈಟ್ ಚೆನ್ನಾಗಿ ಹೋಗುತ್ತದೆ. ಲೈಟಿನ ಶಕ್ತಿಯನ್ನು ಆಗಾಗ ಮೀಟರಿನಲ್ಲಿ ನೋಡಿಕೊಳ್ಳಿ. ಚದರ ಸೆಂಟಿಮೀಟರಿಗೆ 1000 ಮಿಲಿವ್ಯಾಟ್ ಆಸುಪಾಸು ಇರಲಿ.

ನಡುವಿನ ಎರಡು ಬಾಚಿಹಲ್ಲಿನಿಂದ ಶುರು ಮಾಡಿ. ಅವೆರಡನ್ನೂ ನಾನು ಒಟ್ಟಿಗೇ ಕೂರಿಸುತ್ತೇನೆ. ಮಧ್ಯದ ಗೆರೆ ನೇರ ಬಂದರೆ ಉಳಿದವು ಅದನ್ನು ಹಿಂಬಾಲಿಸುತ್ತವೆ. ಸಿಮೆಂಟನ್ನು ವಿನೀರಿನ ನಡುವೆ ಹಾಕಿ, ಹಲ್ಲಿನ ತುದಿಯ ಕಡೆಯಿಂದ ವಸಡಿನ ಕಡೆಗೆ ಮೆಲ್ಲಗೆ ಒತ್ತುತ್ತಾ ಕೂರಿಸಿ. ಅಂಚಿನ ಸುತ್ತಲೂ ಸಿಮೆಂಟ್ ಒಂದೇ ಸಮ ಹೊರಬರಬೇಕು. ಒಂದು ಕಡೆ ಬರಲಿಲ್ಲ ಅಂದರೆ ಅಲ್ಲಿ ಗಾಳಿ ಗುಳ್ಳೆ ಇದೆ. ಹೆದರದೆ ತೆಗೆದು ಸಿಮೆಂಟ್ ಸೇರಿಸಿ ಮತ್ತೆ ಕೂರಿಸಿ, ಇನ್ನೂ ಲೈಟ್ ಹಿಡಿದಿಲ್ಲವಲ್ಲ.

ಬೆರಳಲ್ಲಿ ಹಿಡಿದುಕೊಂಡೇ ಹೆಚ್ಚಿನ ಸಿಮೆಂಟನ್ನು ಬ್ರಷ್‌ನಿಂದ ಒರೆಸಿ. ಆಮೇಲೆ ವಿನೀರಿನ ಮುಖದ ನಡುವೆ ಒಂದೆರಡು ಸೆಕೆಂಡ್ ಮಾತ್ರ ಲೈಟ್ ಹಿಡಿಯಿರಿ. ಅಂಚಿನ ಸಿಮೆಂಟ್ ಆಗ ರಬ್ಬರಿನಷ್ಟು ಮೆತ್ತಗಿರುತ್ತದೆ, ಪ್ರೋಬ್ (ಚೂಪು ಮೊನೆಯ ಸಲಕರಣೆ) ತಾಗಿಸಿದರೆ ಎಳೆಯಾಗಿ ಬರುತ್ತದೆ. ಐದು ಸೆಕೆಂಡ್ ಹಿಡಿದುಬಿಟ್ಟರೆ ಅದೇ ಸಿಮೆಂಟನ್ನು ಬ್ಲೇಡಿನಲ್ಲಿ ಕೆರೆಯುತ್ತಾ ಕೂರಬೇಕು, ವಸಡಿಗೂ ಗಾಯ. ಸಂದಿನಲ್ಲಿ ಫ್ಲಾಸ್ ಇಳಿಸಿ, ವಾಪಸ್ ಎಳೆಯದೆ ಒಂದು ತುದಿ ಬಿಟ್ಟು ಪಕ್ಕಕ್ಕೆ ಹೊರತೆಗೆಯಿರಿ. ಅಷ್ಟೂ ಹೊತ್ತು ವಿನೀರ್ ಮೇಲಿನ ಬೆರಳು ತೆಗೆಯಬಾರದು.

ಅಂಚಿನ ಸುತ್ತ ಗ್ಲಿಸರಿನ್ ಜೆಲ್ ಹಚ್ಚಿ. ಗಾಳಿಯ ಆಕ್ಸಿಜನ್ ಅಂಚಿನ ಸಿಮೆಂಟಿಗೆ ತಾಗದಂತೆ ಅದು ತಡೆಯುತ್ತದೆ. ಹಲ್ಲಿನೊಳಗಿನ ಆಕ್ಸಿಜನ್ ಹೋಗಲಿ ಅಂತ ಎರಡು ವಾರ ಕಾದವರು ಹೊರಗಿನದನ್ನು ಬಿಟ್ಟುಕೊಳ್ಳಬಾರದು. ಆಮೇಲೆ ಮುಂದಿನಿಂದ, ಹಿಂದಿನಿಂದ, ತುದಿಯಿಂದ ತಲಾ 40 ಸೆಕೆಂಡ್ ಲೈಟ್. ಹಲ್ಲು ಬಿಸಿಯಾಗದಂತೆ ಮೆಲ್ಲಗೆ ಗಾಳಿ ಊದುತ್ತಿರಿ.

ಉಳಿದ ಚೂರುಗಳನ್ನು 12ನೇ ನಂಬರ್ ಬ್ಲೇಡಿನಿಂದ ತೆಗೆದು, ಡ್ಯಾಮ್ ಬಿಚ್ಚಿ, ಆಗ ಮಾತ್ರ ಕಚ್ಚಿಸಿ ನೋಡಿ. ನೇರ ಕಚ್ಚುವುದು, ದವಡೆ ಮುಂದಕ್ಕೆ ತರುವುದು, ಎಡ ಬಲ ಸರಿಸುವುದು. ಜೋರಾಗಿ ತಾಗುವ ಕಡೆ ನುಣುಪಾದ ಡೈಮಂಡ್‌ನಿಂದ ಸ್ವಲ್ಪ ಸವೆಸಿ, ರಬ್ಬರ್ ಮತ್ತು ಪೇಸ್ಟ್ ಹಾಕಿ ಪಾಲಿಶ್ ಮಾಡಿ. ಪಾಲಿಶ್ ಮಾಡದೆ ಬಿಟ್ಟ ಒರಟು ಸೆರಾಮಿಕ್ ಎದುರಿನ ಹಲ್ಲನ್ನು ತಿನ್ನುತ್ತದೆ.

ಹಾಕಿಸಿಕೊಂಡವರಿಗೆ

ಡ್ಯಾಮ್ ಬಿಚ್ಚಿದ ಕೂಡಲೇ ಕನ್ನಡಿ ನೋಡಿದರೆ ವಿನೀರ್ ಇಲ್ಲದ ಹಲ್ಲುಗಳು ಬೆಳ್ಳಗೆ, ವಿನೀರ್ ಮಂಕಾಗಿ ಕಾಣಬಹುದು. ಹೆದರಬೇಡಿ, ಅವು ಒಣಗಿವೆ ಅಷ್ಟೇ. ಮಾರನೇ ದಿನ ನೋಡಿಕೊಳ್ಳಿ. ಮೊದಲ ದಿನ ಗಟ್ಟಿ ಪದಾರ್ಥ ಕಚ್ಚಬೇಡಿ, ಕಾಫಿ ಟೀ ಬೇಡ. ಕೆಲವು ದಿನ ತಣ್ಣಗಿನದು ತಾಗಿದರೆ ಜುಮ್ ಅನ್ನಬಹುದು. ಕಡಿಮೆಯಾಗದೆ ಹೆಚ್ಚುತ್ತಾ ಹೋದರೆ ಬನ್ನಿ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ನೈಟ್ ಗಾರ್ಡ್ ಬೇಕೇ ಬೇಕು. ಒಂದು ವಾರಕ್ಕೆ ಮತ್ತೆ ಬಂದು ತೋರಿಸಿ. ಅಂಚಿನಲ್ಲಿ ಉಳಿದ ಸಿಮೆಂಟ್ ಚೂರು ಮೊದಲ ದಿನ ಕಣ್ಣಿಗೆ ಬೀಳದೆ, ವಾರದ ನಂತರ ಕೆಂಪಾದ ವಸಡಿನ ಪಕ್ಕದಲ್ಲಿ ಸಿಗುತ್ತದೆ.

ವಿನೀರ್ ಯಾವಾಗಲಾದರೂ ಕೈಗೆ ಬಂದರೆ ಸೂಪರ್ ಗ್ಲೂ ಹಾಕಿ ಅಂಟಿಸಿಕೊಳ್ಳಬೇಡಿ. ಒಳಮೈ ಒರೆಸಬೇಡಿ, ಕೆರೆಯಬೇಡಿ. ಯಾವ ಕಡೆ ಸಿಮೆಂಟ್ ಉಳಿದಿದೆ ಅನ್ನುವುದು ನಮಗೆ ಬೇಕು. ಸಣ್ಣ ಡಬ್ಬಿಯಲ್ಲಿ ಹತ್ತಿ ಇಟ್ಟು ತನ್ನಿ. ಒಡೆದಿರದಿದ್ದರೆ ಹೆಚ್ಚಿನ ಸಲ ಅದನ್ನೇ ಶುಚಿ ಮಾಡಿ ಮತ್ತೆ ಅಂಟಿಸಬಹುದು.

ವರ್ಷಗಳ ಮೇಲೆ ಉಳಿದ ಹಲ್ಲುಗಳನ್ನು ಮತ್ತೆ ಬಿಳುಪು ಮಾಡಿಸಬೇಕು ಅನ್ನಿಸಿದರೆ ಹಳೇ ಟ್ರೇ ಹಾಕಿಕೊಳ್ಳಬೇಡಿ. ವಿನೀರ್ ಬಂದ ಮೇಲೆ ಹಲ್ಲಿನ ಆಕಾರವೇ ಬದಲಾಗಿರುತ್ತದೆ. ಬಿಗಿಯಾದ ಟ್ರೇ ತೆಗೆಯುವಾಗ ವಿನೀರಿನ ಅಂಚಿಗೆ ಪೆಟ್ಟಾಗಬಹುದು, ಸಡಿಲ ಇದ್ದರೆ ಜೆಲ್ ವಸಡಿಗೆ ಹರಿಯುತ್ತದೆ. ಹೊಸ ಅಳತೆ ಕೊಟ್ಟು ಹೊಸ ಟ್ರೇ ಮಾಡಿಸಿಕೊಳ್ಳಿ, ವಿನೀರ್ ಇರುವ ಹಲ್ಲುಗಳ ಜಾಗದಲ್ಲಿ ಜೆಲ್ ಹಾಕಬೇಡಿ.